ನಾನು ರೋಬೋಟ್ ಅಲ್ಲ ಮಾರಾಯ್ರೇ!

ದುಬೈಯಲ್ಲಿರುವ ಅಣ್ಣ ನಿನ್ನೆ ಊರಿನ ಬಿಲ್ ಕಟ್ಟಲು ಕೂತರೆ, ನಮ್ಮದೇ ದೇಶದ ಸೈಟು 403, ಅಂದರೆ ‘ಒಳಗೆ ಪ್ರವೇಶವಿಲ್ಲ’ ಅಂತ ತೋರಿಸಿ ಬಾಗಿಲು ಹಾಕಿತು. ವಿದೇಶದ ಐಪಿ (ಇಂಟರ್ನೆಟ್ ವಿಳಾಸ) ಅಂತೆ! ಕಾಸರಗೋಡಿನ ಅರ್ಧ ಜನ ಗಲ್ಫಿನಲ್ಲೇ ಇದ್ದಾರಲ್ಲ, ಅವರೆಲ್ಲ ಹ್ಯಾಕರ್‌ಗಳಾ?

ಊರಲ್ಲೇ, ಬದಿಯಡ್ಕದಲ್ಲಿ ಕೂತ ನನಗಾದರೂ ಸುಖ ಉಂಟಾ? ಹೊರದೇಶದ ಲೈಬ್ರರಿ ಸೈಟು ತೆರೆದರೆ ಸಾಕು, ನಾನು ಮನುಷ್ಯನೇ ಅಂತ ಸಾಬೀತು ಮಾಡಬೇಕು. ಫೈರ್ ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ನೀರು ಕೊಡುವ ರಸ್ತೆಬದಿಯ ನಲ್ಲಿ, ಇರುವ ಚಿತ್ರ ಒತ್ತಬೇಕಂತೆ. ನಮ್ಮ ಪೇಟೆಯಲ್ಲಿ ಅದನ್ನು ಕಂಡವರು ಯಾರು? ಇನ್ನೊಮ್ಮೆ ಸಿಗ್ನಲ್ ಕಂಬ ಇರುವ ಚೌಕ ಒತ್ತಬೇಕು; ಕಂಬದ ತುದಿ ಪಕ್ಕದ ಚೌಕಕ್ಕೆ ಚೂರು ತಾಗಿದರೆ ಅದೂ ಲೆಕ್ಕವಾ? ಮೊಬೈಲ್ ನೆಟ್ಟಲ್ಲಿ ಎಷ್ಟೋ ಜನರಿಗೆ ಒಂದೇ ಐಪಿ. ಯಾವನೋ ತರಲೆ ಮಾಡಿದ್ದಕ್ಕೆ ಬೈಗುಳ ನನಗೆ.

ಸ್ಪ್ಯಾಮ್ ಮೇಲ್‌ಗಳು ಮಾತ್ರ ದಿನಾ ಸಲೀಸಾಗಿ ಒಳಗೆ ಬರುತ್ತವೆ. ಅವಕ್ಕೆ ಯಾರೂ ಹೈಡ್ರಂಟ್ ತೋರಿಸುವುದಿಲ್ಲ, ಅಲ್ವಾ?