ಕಾಫಿ ತೋಟದ ನಡುವೆ ಇನ್‌ಸ್ಟಂಟ್ ಪೊಟ್ಟಣ

ಕಳೆದ ತಿಂಗಳು ಬೆಂಗಳೂರಿನ ನೆಂಟರೊಂದಿಗೆ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯ ಒಂದು ಹೋಂಸ್ಟೇಯಲ್ಲಿ ತಂಗಿದ್ದೆ. ಕಿಟಕಿಯಾಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅರೇಬಿಕಾ ಗಿಡಗಳಿದ್ದವು. ಕೋಣೆಯ ಮೇಜಿನ ಮೇಲೆ ಇದ್ದದ್ದು ಮಾತ್ರ ಇನ್‌ಸ್ಟಂಟ್ ಕಾಫಿಯ ಪೊಟ್ಟಣಗಳು. ಬಾಬಾಬುಡನ್‌ಗಿರಿಯ ಕಾಫಿಯ ಕಥೆ ಕೇಳಬೇಕೆಂದು ಬಂದವರ ಎದುರು ನನಗೆ ನಾಚಿಕೆಯೇ ಆಯಿತು.

ನಮ್ಮ ಜಿಲ್ಲೆಯ ಕಾಫಿ ಬಹುಪಾಲು ಬೀಜವಾಗಿಯೇ ಊರು ಬಿಡುತ್ತದೆ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೀಜವನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಾಗಿತ್ತು. ತೊಂಬತ್ತರ ದಶಕದಲ್ಲಿ ಆ ಕಟ್ಟು ಹಂತ ಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಎಲ್ಲರಿಗೂ ಮುಕ್ತ ಮಾರಾಟದ ಅವಕಾಶ ದೊರೆಯಿತು. ಆದರೂ ಬೀಜ ಮಾರಿ ಕೈತೊಳೆದುಕೊಳ್ಳುವ ಅಭ್ಯಾಸ ಹೆಚ್ಚಿನವರಲ್ಲಿ ಉಳಿದೇ ಹೋಯಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಭೌಗೋಳಿಕ ಸೂಚ್ಯಂಕ, ಅಂದರೆ ಆ ಪ್ರದೇಶದ ಬೆಳೆಗಷ್ಟೇ ಆ ಹೆಸರು ಸಲ್ಲುವ ಮಾನ್ಯತೆ, ಸಿಕ್ಕಿತು. ಆ ಹೆಸರಿನಿಂದ ಹುಟ್ಟುವ ಲಾಭದಲ್ಲಿ ಊರಿಗೆ ಎಷ್ಟು ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಪೇಟೆಯ ಪುಡಿ ಅಂಗಡಿಯಲ್ಲಿ ಒಂದು ಕಿಲೋ ಬೀಜ ಹುರಿದರೆ ತೂಕ ಸುಮಾರು ಎಂಟುನೂರೈವತ್ತು ಗ್ರಾಮಿಗೆ ಇಳಿಯುತ್ತದೆ, ಆದರೆ ಬೆಲೆ ಏರುವುದು ಅಲ್ಲಿಂದಲೇ. ಹುರಿಯುವವನ ಕೂಲಿ, ಅಂಗಡಿಯ ಬಾಡಿಗೆ, ಚೀಲ ಹೊಲಿಯುವವರ ಸಂಪಾದನೆ, ಎಲ್ಲವೂ ಊರಿನಲ್ಲೇ ಖರ್ಚಾಗುತ್ತದೆ. ಅದೇ ಹಣ ಹಾಲಿನವರ ಬಾಕಿ ತೀರಿಸುತ್ತದೆ, ದರ್ಜಿಯ ಅಂಗಡಿಗೆ ಹೋಗುತ್ತದೆ, ಮಕ್ಕಳ ಟ್ಯೂಷನ್ ಶುಲ್ಕವಾಗುತ್ತದೆ. ದೂರದ ಕಾರ್ಖಾನೆಯ ಪೊಟ್ಟಣ ಕೊಂಡರೆ ಊರಿಗೆ ಉಳಿಯುವುದು ಹೆಚ್ಚೆಂದರೆ ಮಾರಿದವನ ಕಮಿಷನ್.

ಹಾಗೆಂದು ಹೋಂಸ್ಟೇ ಮಾಲೀಕರನ್ನು ಬೈಯಲು ಹೋದ ನನಗೆ ಅವರಿಂದ ಸಿಕ್ಕ ಉತ್ತರ ಸ್ವಲ್ಪ ಮುಜುಗರ ತಂದಿತು. "ಪ್ಯಾಕೆಟ್ ಏಜೆಂಟರು ಬಾಗಿಲಿಗೇ ತಂದು ಕೊಡ್ತಾರೆ ಸಾರ್, ತಿಂಗಳ ಕೊನೆಗೆ ಬಿಲ್ ಕೊಟ್ಟರಾಯ್ತು. ಪೇಟೆಯ ಅಂಗಡಿಯವರು ಕೈಮೇಲೆ ದುಡ್ಡು ಕೇಳ್ತಾರೆ, ಬಿಲ್ಲೂ ಸರಿಯಾಗಿ ಕೊಡಲ್ಲ," ಎಂದರು. ಹುರಿದ ದಿನಾಂಕವಿಲ್ಲದ, ಚಿಕೋರಿ ಎಷ್ಟೆಂದು ಹೇಳದ ಪುಡಿಯನ್ನು ಊರಿನ ಅಭಿಮಾನಕ್ಕಾಗಿ ಮಾತ್ರ ಕೊಳ್ಳಿ ಎನ್ನುವುದು ನ್ಯಾಯವೂ ಅಲ್ಲ. ಅಭಿಮಾನ ಒಂದೆರಡು ಸಲದ ವ್ಯಾಪಾರ ತಂದೀತು. ನಿತ್ಯದ ಗಿರಾಕಿಯನ್ನು ಉಳಿಸುವುದು ಸೇವೆ.

ನನ್ನ ಪರಿಚಯದ ಪುಡಿ ಅಂಗಡಿಯವರಿಗೆ ಈ ಮಾತನ್ನು ಹಾಗೆಯೇ ತಲುಪಿಸಿದೆ. ಹದಿನೈದು ದಿನದ ಸಾಲ ಕೊಡಲು ಅವರು ಒಪ್ಪಿದ್ದಾರೆ. ಸಾಗಣೆಯ ಖರ್ಚು ಒಬ್ಬರ ಮೇಲೆಯೇ ಬೀಳದಂತೆ, ಆ ದಾರಿಯ ಹೋಂಸ್ಟೇಗಳಿಗೆಲ್ಲ ದಿನವೂ ತರಕಾರಿ ಕೊಂಡೊಯ್ಯುವ ಗಾಡಿಯಲ್ಲೇ ಪುಡಿಯನ್ನೂ ಕಳಿಸಬಹುದೇ ಎಂದು ಈಗ ಗಾಡಿಯವರೊಂದಿಗೆ ಮಾತಾಡುತ್ತಿದ್ದಾರೆ.