ಎಸ್‌ಎಟಿ ವಾಪಸ್ ಬಂದಿದ್ದು ನಮ್ಮ ಪಿಯು ಮಕ್ಕಳಿಗೆ ಒಳ್ಳೆಯದೇ

ಅಮೆರಿಕದ ದೊಡ್ಡ ಕಾಲೇಜುಗಳು ಸೀಟು ಕೊಡಲು ಎಸ್‌ಎಟಿಯಂಥ ಪ್ರವೇಶ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡುತ್ತಿರುವುದು ನನಗಂತೂ ಖುಷಿಯ ವಿಷಯ. ಸಿಇಟಿ, ಜೆಇಇ ಸಾಲದು ಅಂತ ಇನ್ನೊಂದಾ ಮೇಡಂ ಅಂತ ಪೋಷಕರು ಗೊಣಗುತ್ತಾರೆ. ಗೊಣಗಲಿ.

2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದವು. ಕಾಲೇಜುಗಳು ‘ಅಂಕ ಕಳಿಸಿದರೆ ಕಳಿಸಿ, ಇಲ್ಲದಿದ್ದರೆ ಪರವಾಗಿಲ್ಲ’ ಅಂದವು. 2022ರಲ್ಲಿ ಎಂಐಟಿ ಈ ರಿಯಾಯಿತಿ ತೆಗೆಯಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. ಯೇಲ್ ಮಾತ್ರ ಎಪಿ, ಐಬಿಯಂಥ ಬೇರೆ ಪರೀಕ್ಷೆಗಳ ಅಂಕ ಇದ್ದರೂ ಸರಿ ಅನ್ನುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಬೇರೆಯೇ ಕಥೆ, ಅಲ್ಲಿ ಅಂಕ ಕಳಿಸಿದರೂ ಸೀಟು ಕೊಡುವಾಗ ನೋಡುವುದಿಲ್ಲ.

ಪರೀಕ್ಷೆ ತೆಗೆದರೆ ಅರ್ಜಿಯಲ್ಲಿ ಉಳಿಯುವುದೇನು ನೋಡಿ. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಜನವರಿ ಮೊದಲ ವಾರದ ಹೊತ್ತಿಗೆ. ಮಾರ್ಚ್ ಮುಗಿಯುವಷ್ಟರಲ್ಲಿ ಸೀಟು ಸಿಕ್ಕಿತೋ ಇಲ್ಲವೋ ಗೊತ್ತಾಗುತ್ತದೆ. ನಮ್ಮ ದ್ವಿತೀಯ ಪಿಯು ರಿಸಲ್ಟ್ ಬರುವುದು ಅದಾದ ಮೇಲೆ. ಅಂದರೆ ಆ ಕಾಲೇಜಿನವರು ನೋಡುವುದು ನಮ್ಮ ಬೋರ್ಡ್ ಅಂಕವನ್ನಲ್ಲ, ‘ಇಷ್ಟು ಬರಬಹುದು’ ಅಂತ ಶಾಲೆ ಬರೆದುಕೊಟ್ಟ ಅಂದಾಜನ್ನು. ಫೀಸು ಜಾಸ್ತಿ ಇರುವ ಶಾಲೆಗಳಲ್ಲಿ ಈ ಅಂದಾಜು ಧಾರಾಳವಾಗಿಯೇ ಇರುತ್ತದೆ ಅನ್ನುವುದು ಗುಟ್ಟೇನಲ್ಲ. ನಮ್ಮಂಥ ಕಾಲೇಜಿನಲ್ಲಿ ಅದನ್ನು ಯಾರು ಬರೆಯಬೇಕು ಅಂತಲೇ ಗೊತ್ತಿರುವುದಿಲ್ಲ.

ಅರ್ಜಿಯ ಜೊತೆ, ವಿದ್ಯಾರ್ಥಿ ಎಂಥವನು ಅಂತ ಶಾಲೆಯ ಕೌನ್ಸೆಲರ್ ಬರೆಯುವ ಪತ್ರವನ್ನೂ ಕೇಳುತ್ತಾರೆ. ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಎಲ್ಲಿಂದ ಬರಬೇಕು? ನಾನು ಪಾಠ ಮಾಡುವ ಕಡೆ ಹುಡುಗನೊಬ್ಬ ಆಫೀಸಿಗೆ ಹೋಗಿ ಕೇಳಿದ. ಗುಮಾಸ್ತರು ಅಚ್ಚು ಹಾಕಿಸಿಟ್ಟಿದ್ದ ಹಾಳೆಗೆ ಅವನ ಹೆಸರು ತುಂಬಿ, ಸೀಲ್ ಒತ್ತಿ ಕೊಟ್ಟರು: ‘ಸದರಿ ವಿದ್ಯಾರ್ಥಿಯ ನಡತೆ ಉತ್ತಮವಾಗಿರುತ್ತದೆ.’ ಪಾಪ, ಅವರದೇನೂ ತಪ್ಪಿಲ್ಲ, ಎಲ್ಲರಿಗೂ ಕೊಡುವುದು ಅದನ್ನೇ. ಆದರೆ ಅಮೆರಿಕದಲ್ಲಿ ಅರ್ಜಿ ನೋಡುವವರ ಮೇಜಿನ ಮೇಲೆ ಇಂಟರ್‌ನ್ಯಾಷನಲ್ ಶಾಲೆಯಿಂದ ಬಂದ ಎರಡು ಪುಟದ ಪತ್ರವೂ ಇರುತ್ತದೆ, ಆ ಮಗುವನ್ನು ನಾಲ್ಕು ವರ್ಷ ಬಲ್ಲವರು ಬರೆದದ್ದು. ಇನ್ನು ಪ್ರಬಂಧದ ವಿಷಯ ಬಿಡಿ. ಲಕ್ಷಗಟ್ಟಲೆ ತೆಗೆದುಕೊಂಡು ತಿದ್ದಿಕೊಡುವ ಕನ್ಸಲ್ಟೆಂಟ್‌ಗಳು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಷ್ಟರ ನಡುವೆ ನಮ್ಮ ಹುಡುಗ ಹಾಳೆಯ ಮೇಲೆ ತೋರಿಸಬಹುದಾದದ್ದು ಎಸ್‌ಎಟಿಯಲ್ಲಿ 1600ಕ್ಕೆ ಇಷ್ಟು ಅನ್ನುವ ಒಂದು ಅಂಕಿ. ನಮ್ಮ ಕಾಲೇಜಿನ ಹೆಸರು ಕೇಳಿರದವರಿಗೂ ಅದು ಅರ್ಥವಾಗುತ್ತದೆ.

ಎಸ್‌ಎಟಿ ಅಂಕವೂ ದುಡ್ಡಿದ್ದವರಿಗೇ ಜಾಸ್ತಿ ಬರುತ್ತದೆ ಅನ್ನುತ್ತಾರೆ. ನಿಜ. ಆದರೆ ಇದಕ್ಕೆ ತಯಾರಾಗಲು ಪುಕ್ಕಟೆ ದಾರಿಯಾದರೂ ಇದೆ. ಪರೀಕ್ಷೆ ನಡೆಯುವ ಬ್ಲೂಬುಕ್ ಆ್ಯಪ್‌ನಲ್ಲೇ ಪೂರ್ತಿ ಮಾದರಿ ಪರೀಕ್ಷೆಗಳಿವೆ, ಖಾನ್ ಅಕಾಡೆಮಿ ಜಾಲತಾಣದ ಪಾಠಗಳಿವೆ. ಗಣಿತದಲ್ಲಿ ಕ್ಯಾಲ್ಕುಲಸ್ ಇಲ್ಲ. 70 ನಿಮಿಷ, 44 ಪ್ರಶ್ನೆ, ಪರದೆಯ ಮೇಲೇ ಡೆಸ್ಮೋಸ್ ಕ್ಯಾಲ್ಕುಲೇಟರ್. ಪಿಸಿಎಂ ಓದಿದವರಿಗೆ ಇದು ದೊಡ್ಡದಲ್ಲ. ಕಷ್ಟ ಇರುವುದು ಇಂಗ್ಲಿಷ್ ಭಾಗದಲ್ಲಿ: 64 ನಿಮಿಷಕ್ಕೆ 54 ಪ್ರಶ್ನೆ. ಓದಲು ಕೊಡುವುದು ಪುಟ್ಟ ಪ್ಯಾರಾ, ಆದರೆ ಲೇಖಕ ಹೇಳಿದ್ದೇನು, ಹೇಳದೆ ಬಿಟ್ಟಿದ್ದೇನು ಅಂತ ಕೇಳುತ್ತಾರೆ. ಗೈಡ್ ಉರು ಹೊಡೆದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದು ವರ್ಷ ಮೊದಲೇ ಇಂಗ್ಲಿಷ್ ಓದಲು ಶುರು ಮಾಡಬೇಕು.

‘ಆಪ್ಷನಲ್’ ಅಂತ ಇನ್ನೂ ಹೇಳುವ ಕಾಲೇಜುಗಳ ಬಗ್ಗೆಯೂ ಹುಷಾರಾಗಿರಿ. ಡಾರ್ಟ್‌ಮತ್‌ನ ಪ್ರಾಧ್ಯಾಪಕರು ತಮ್ಮ ಕಾಲೇಜಿನ ಅರ್ಜಿಗಳನ್ನೇ ಕೂತು ನೋಡಿದರು. ಅನುಕೂಲ ಕಡಿಮೆ ಇದ್ದ ಮನೆಯ ಮಕ್ಕಳು, ಕಳಿಸಿದ್ದರೆ ಲಾಭವೇ ಆಗುತ್ತಿದ್ದ ಅಂಕವನ್ನೂ ಕಡಿಮೆಯಾಯಿತು ಅಂದುಕೊಂಡು ಸುಮ್ನೆ ಬಚ್ಚಿಟ್ಟಿದ್ದರು. ಹಾಗಾಗಿ ಬರೆಯಿರಿ, ಅಂಕ ಕೈಗೆ ಬಂದ ಮೇಲೆ ಕಳಿಸುವುದೋ ಬೇಡವೋ ಅಂತ ಗೊತ್ತಿದ್ದವರನ್ನು ಕೇಳಿ.

ನನಗೆ ಸಿಟ್ಟು ಇರುವುದು ಫೀಸಿನ ಮೇಲೆ. ಅಮೆರಿಕದ ಬಡ ಮಕ್ಕಳಿಗೆ ಮಾಫಿ ಇದೆ. ಹೊರದೇಶದಲ್ಲಿ ಬರೆಯುವವರಿಗೆ ಮೂಲ ಫೀಸಿನ ಮೇಲೆ ಇನ್ನಷ್ಟು ಸೇರಿಸುತ್ತಾರೆ, ಹೆಚ್ಚುಕಡಿಮೆ 110 ಡಾಲರ್. ಒಂದು ಸಲ ಕೂತು ಬರೆಯಲು ನಮ್ಮ ಲೆಕ್ಕದಲ್ಲಿ ಒಂಬತ್ತು, ಹತ್ತು ಸಾವಿರ. ಊರಿಂದ ಬೆಂಗಳೂರಿಗೆ ಬಸ್ಸು, ಹಿಂದಿನ ರಾತ್ರಿಯ ಲಾಡ್ಜು ಬೇರೆ. ಪರೀಕ್ಷೆ ಬೇಡ ಅಂತ ಕೂಗುವ ಬದಲು ಈ ಫೀಸು ಇಳಿಸಿ ಅಂತ ಕೇಳಿ, ನಾನೂ ಸಹಿ ಹಾಕುತ್ತೇನೆ.