ಕಾರಿನ ಸ್ಕ್ರೀನ್ ಹ್ಯಾಂಗ್ ಆಗ್ತದೆ: ಸಾಫ್ಟ್‌ವೇರ್ ಕಡಿಮೆ ಮಾಡ್ಬೇಕಾ?

ನಾವಿಬ್ರು ಭಾವಂದಿರು ಈ ವಿಷಯದಲ್ಲಿ ಎಂಟು ತಿಂಗಳಿಂದ ಚರ್ಚೆ ಮಾಡ್ತಾ ಇದ್ದೇವೆ. ಒಬ್ರದ್ದು ಬದಿಯಡ್ಕದ ಹತ್ರ ಅಡಿಕೆ ತೋಟ, ಇನ್ನೊಬ್ರು ಕಾರಿನ ಕಂಪ್ಯೂಟರ್‌ಗೆ ಕೋಡ್ ಬರೆಯುವವರು. ಅವರವರ ಮಾತು ಅವರವರೇ ಬರೆದದ್ದು, ಪರ ತೋಟದವರದ್ದು, ವಿರೋಧ ಕೋಡಿನವರದ್ದು.

ಪರ: ಕಡಿಮೆ ಮಾಡ್ಲೇಬೇಕು

ಹೋದ ಆಟಿಯಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ, ಒಂದು ರಾತ್ರಿ ಅಮ್ಮನಿಗೆ ಉಸಿರಾಡ್ಲಿಕ್ಕೆ ಕಷ್ಟ ಆಗಿ ಮಂಗಳೂರಿಗೆ ಹೊರಟೆವು. ಕುಂಬಳೆಯಲ್ಲಿ ಹೈವೇ ಸೇರಿ ಬಂದ್ಯೋಡು ದಾಟುವಾಗ ಮಳೆ ಅಂದ್ರೆ ಎಂಥ ಮಳೆ, ವೈಪರ್ ಫುಲ್ ಸ್ಪೀಡಲ್ಲಿದ್ರೂ ಎದುರಿನ ಲಾರಿಯ ಕೆಂಪು ಲೈಟ್ ಬಿಟ್ರೆ ಎಂತ ಕಾಣುದಿಲ್ಲ, ಒಳಗೆ ನಾಲ್ಕು ಜನ, ಗಾಜಿಗೆ ಮಂಜು ಹಿಡಿಯಿತು. ಹಳೆ ಕಾರಲ್ಲಾದ್ರೆ ಕೈಗೆ ಒಂದು ತಿರುಪು ಸಿಗ್ತಿತ್ತು, ರಸ್ತೆ ನೋಡ್ತಾನೇ ತಿರುಗಿಸಿದ್ರೆ ಗಾಜಿಗೆ ಗಾಳಿ ಬರ್ತಿತ್ತು. ಈ ಕಾರಲ್ಲಿ ಅದೆಲ್ಲ ಸ್ಕ್ರೀನ್ ಒಳಗೆ. ಸ್ಕ್ರೀನ್ ಮ್ಯಾಪ್ ತೋರಿಸ್ತಾ ಇದ್ದದ್ದು ಹಾಗೇ ನಿಂತುಬಿಟ್ಟಿದೆ, ಎಲ್ಲಿ ಒತ್ತಿದ್ರೂ ಉತ್ತರ ಇಲ್ಲ. ಲಾರಿ ಒಮ್ಮೆಲೆ ನಿಧಾನ ಮಾಡಿತು, ನಾನು ಬ್ರೇಕಿಗೆ ಕಾಲು ಹಾಕಿದೆ, ದೇವರ ದಯೆ, ಕಾರು ನೆಟ್ಟಗೆ ನಿಂತಿತು. ಬದಿಗೆ ಹಾಕಿ ಬೈರಾಸಲ್ಲಿ ಗಾಜು ಒರೆಸಿ, ಎಂಜಿನ್ ಆಫ್ ಮಾಡಿ ಆನ್ ಮಾಡಿದೆ, ಸ್ಕ್ರೀನ್ ಹಾಗೇ ಇತ್ತು. ಉಪ್ಪಳದವರೆಗೆ ನಾನು ಬಿಡುದು, ತಂಗಿ ಪಕ್ಕದಲ್ಲಿ ಕೂತು ಒರೆಸುದು. ಅಮ್ಮ ಈಗ ಹುಷಾರಾಗಿದ್ದಾರೆ. ಆದ್ರೂ ಆ ಅರ್ಧ ಗಂಟೆ ನನಗೆ ಮರೀಲಿಕ್ಕೆ ಆಗುದಿಲ್ಲ.

ಸರ್ವಿಸ್‌ಗೆ ಕೊಟ್ರೆ ಅಪ್‌ಡೇಟ್ ಹಾಕಿದ್ದೇವೆ ಅಂದ್ರು. ಅಪ್‌ಡೇಟ್ ಆದ ಮೇಲೆ ರಿವರ್ಸ್ ಹಾಕಿದ್ರೆ ಕ್ಯಾಮರಾ ಬರ್ಲಿಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು. ನಮ್ಮ ಅಂಗಳದಿಂದ ರಸ್ತೆಗೆ ರಿವರ್ಸಲ್ಲೇ ಹತ್ಬೇಕು, ಒಂದು ಬದಿ ದರೆ, ಇನ್ನೊಂದು ಬದಿ ತೋಡು, ಅಲ್ಲಿ ಎರಡು ಸೆಕೆಂಡ್ ಅಂದ್ರೆ ಸಣ್ಣ ವಿಷಯ ಅಲ್ಲ. ಹೊಸದಾಗಿ ಎಂತ ಬಂದದ್ದು ಅಂತ ನೋಡಿದೆ: ಬಣ್ಣ ಬಣ್ಣದ ಥೀಮ್, ಹವಾಮಾನ, ಒಂದು ಗೇಮ್, ಮಾತಾಡಿದ್ರೆ ಕೇಳುವ ಅಸಿಸ್ಟೆಂಟ್. ಅದಕ್ಕೆ ಪೆರ್ಲ, ಅಡ್ಕಸ್ಥಳ, ನೀರ್ಚಾಲು ಅಂತ ನಮ್ಮ ಬದಿಯ ಊರಿನ ಹೆಸರು ನಾನು ಎಷ್ಟು ಸ್ಪಷ್ಟ ಹೇಳಿದ್ರೂ ಅರ್ಥ ಆಗುದಿಲ್ಲ. ನನಗೆ ಬೇಕಾದ್ದು ಮೂರೇ, ಹಿಂದಿನ ಕ್ಯಾಮರಾ, ಫೋನ್ ಕಾಲ್, ಅಮ್ಮನಿಗೆ ಕೇಳ್ಲಿಕ್ಕೆ ಪೆನ್‌ಡ್ರೈವಿನ ತಾಳಮದ್ದಳೆ. ಉಳಿದದ್ದನ್ನು ಡಿಲೀಟ್ ಮಾಡುವ ಅಂದ್ರೆ ಅದಕ್ಕೆ ದಾರಿಯೇ ಕೊಟ್ಟಿಲ್ಲ. ಕಾರು ನನ್ನದು, ದುಡ್ಡು ಕೊಟ್ಟವ ನಾನು, ಅದರ ಮೆಮೊರಿಯಲ್ಲಿ ಯಾರು ಕೂತಿರ್ಬೇಕು ಅಂತ ಹೇಳುವ ಹಕ್ಕು ನನಗಿಲ್ಲ, ಇದು ಯಾವ ನ್ಯಾಯ?

ಇದು ನನ್ನೊಬ್ಬನ ಗೋಳಲ್ಲ. 2021ರಲ್ಲಿ ಟೆಸ್ಲಾದವರು ಅಮೆರಿಕದಲ್ಲಿ ಸುಮಾರು 1,35,000 ಕಾರು ರೀಕಾಲ್ ಮಾಡ್ಬೇಕಾಯ್ತು, ಅಂದ್ರೆ ಸರಿ ಮಾಡ್ಲಿಕ್ಕೆ ವಾಪಸ್ ಕರೀಬೇಕಾಯ್ತು. ಅದರ ಕಂಪ್ಯೂಟರಲ್ಲಿ ಮಾಹಿತಿ ಬರೆದಿಡುವ 8 ಜಿಬಿಯ ಒಂದು ಫ್ಲಾಶ್ ಚಿಪ್, ಸಾಫ್ಟ್‌ವೇರ್ ಅದರಲ್ಲಿ ಬರೆದು ಅಳಿಸಿ ಬರೆದು ಅಳಿಸಿ ಚಿಪ್ಪೇ ಸವೆದುಹೋಯ್ತು. ಚಿಪ್ ಸತ್ತ ಕೂಡಲೆ ಹಿಂದಿನ ಕ್ಯಾಮರಾ ಹೋಯ್ತು, ಗಾಜಿನ ಮಂಜು ತೆಗೆಯುವ ಸೆಟ್ಟಿಂಗ್ ಹೋಯ್ತು. ನನಗೆ ಬಂದ ಕಷ್ಟವೇ! ಆ ಚಿಪ್ಪಿನ ಆಯುಷ್ಯ ಐದಾರು ವರ್ಷ ಅಂತ ಲೆಕ್ಕ. ನಮ್ಮ ಊರಲ್ಲಿ ಕಾರು ಅಂದ್ರೆ ಹದಿನೈದು ವರ್ಷದ ಮಾತು, ಅಪ್ಪ ತಗೊಂಡ ಕಾರಲ್ಲಿ ಮಗ ಡ್ರೈವಿಂಗ್ ಕಲಿಯುದು.

ಸ್ಕ್ರೀನಿನ ಕಂಪ್ಯೂಟರ್ ಬೇರೆ, ಬ್ರೇಕಿಂದು ಬೇರೆ, ಹೆದರ್ಬೇಡಿ ಅಂತ ಭಾವ ಹೇಳ್ತಾರೆ. ಬೇರೆ ಇರ್ಬಹುದು, ನಡುವೆ ವಯರ್ ಉಂಟಲ್ಲ? 2015ರಲ್ಲಿ ಇಬ್ರು ರಿಸರ್ಚ್ ಮಾಡುವವರು ಮನೆಯಲ್ಲಿ ಕೂತು, ಹೈವೇಯಲ್ಲಿ ಹೋಗ್ತಾ ಇದ್ದ ಜೀಪ್ ಚೆರೋಕಿಯ ಸ್ಕ್ರೀನ್ ಕಂಪ್ಯೂಟರಿಗೆ ಮೊಬೈಲ್ ನೆಟ್‌ವರ್ಕ್ ಮೂಲಕ ಹೊಕ್ಕು, ಅಲ್ಲಿಂದ ಒಳಗೆ ದಾಟಿ ವೈಪರ್ ಹಾಕಿದ್ರು, ಆಕ್ಸಿಲರೇಟರ್ ಕೆಲಸ ಮಾಡದ ಹಾಗೆ ಮಾಡಿದ್ರು. 14 ಲಕ್ಷ ಗಾಡಿ ವಾಪಸ್ ಕರೀಬೇಕಾಯ್ತು. ಒಂದೊಂದು ಫೀಚರ್ ಹೆಚ್ಚಾದಾಗಲೂ ಹೊರಗಿನವರಿಗೆ ಒಂದೊಂದು ಬಾಗಿಲು ಹೆಚ್ಚಾಗ್ತದೆ.

ಯುರೋಪಲ್ಲಿ ಸ್ವಲ್ಪ ಬುದ್ಧಿ ಬಂದಿದೆ. ಅಲ್ಲಿ ಕಾರಿನ ಸುರಕ್ಷತೆಗೆ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತಿಗೆ ಸಹಾಯ ಕರೆಯುವ ಎಸ್‌ಒಎಸ್ ಈ ಐದಕ್ಕೆ ಕೈಗೆ ಸಿಗುವ ಬಟನ್ನೋ ಲಿವರೋ ಬೇಕು, ಇಲ್ಲದಿದ್ರೆ ಪೂರ್ತಿ ಅಂಕ ಇಲ್ಲ ಅಂತ ಮಾಡಿದ್ದಾರೆ. ಆ ಪಟ್ಟಿಯಲ್ಲಿ ಗಾಜಿನ ಮಂಜಿನ ಸುದ್ದಿ ಇಲ್ಲ. ಅವರು ಆಟಿಯ ಮಳೆಗೆ ಬಂದು ನೋಡ್ಬೇಕು.

ವಿರೋಧ: ಕಡಿಮೆ ಮಾಡಿದ್ರೆ ಸರಿ ಆಗುದಿಲ್ಲ

ಆ ರಾತ್ರಿ ನಾನು ಬೆಂಗಳೂರಲ್ಲಿದ್ದೆ, ಕಾರಲ್ಲಿದ್ದದ್ದು ನನ್ನ ಹೆಂಡತಿ, ನನ್ನ ಅತ್ತೆ. ಹಾಗಾಗಿ ಭಾವನ ಸಿಟ್ಟು ನನ್ನದೂ ಹೌದು. ಆದ್ರೆ ಎಲ್ಲಿ ತಪ್ಪಿತು ಅಂತ ಸರಿಯಾಗಿ ಹಿಡಿಯದಿದ್ರೆ ಇನ್ನೊಬ್ರ ಮನೆಯವರಿಗೆ ಅದೇ ಆಗ್ತದೆ, ಅದಕ್ಕೆ ಬರೀತಾ ಇದ್ದೇನೆ.

ಭಾವನ ಸ್ಕ್ರೀನ್ ನಿಂತದ್ದು ಮೆಮೊರಿ ಲೀಕಿಂದ ಅಂತ ನನ್ನ ಲೆಕ್ಕ. ಲೀಕ್ ಅಂದ್ರೆ ಎಂತದೂ ಸೋರುದಲ್ಲ. ಅಡಿಕೆ ಕೊಯ್ಲಿನ ದಿನ ಕೊಟ್ಟಿಗೆಯಲ್ಲಿ ಐವತ್ತು ಹೆಡಗೆ ಇಟ್ಟಿದ್ದೇವೆ ಅಂತ ಇಟ್ಕೊಳ್ಳಿ. ಕೆಲಸದವರು ಬರ್ತಾರೆ, ಹೆಡಗೆ ತಗೊಳ್ತಾರೆ, ಅಡಿಕೆ ಹಾಕಿ ತಂದು ಸುರುವಿ ಖಾಲಿ ಹೆಡಗೆ ವಾಪಸ್ ಇಡ್ತಾರೆ. ಒಬ್ಬ ಮಾತ್ರ ಪ್ರತಿ ಸಲ ಹೊಸ ಹೆಡಗೆ ತಗೊಂಡು ಹಳೇದನ್ನು ತೋಟದಲ್ಲೇ ಬಿಟ್ಟು ಬರ್ತಾನೆ. ಮಧ್ಯಾಹ್ನದವರೆಗೆ ಯಾರಿಗೂ ಗೊತ್ತಾಗುದಿಲ್ಲ, ಸಂಜೆಗೆ ಹೆಡಗೆ ಖಾಲಿ, ಸರಿಯಾಗಿ ಕೆಲಸ ಮಾಡುವವರೂ ಕೈ ಕಟ್ಟಿ ನಿಲ್ಬೇಕು. ಇದೇ ಲೀಕ್: ಹೆಡಗೆ ಅಂದ್ರೆ ಮೆಮೊರಿ, ಕೆಲಸದವರು ಅಂದ್ರೆ ಅದನ್ನು ಕೇಳಿ ತಗೊಳ್ಳುವ ಪ್ರೋಗ್ರಾಂಗಳು. ಮೊದಲು ಚಾವಿ ತೆಗೆದ್ರೆ ಕಾರಿನ ಕಂಪ್ಯೂಟರ್ ಪೂರ್ತಿ ಬಂದ್, ಅಂದ್ರೆ ರಾತ್ರಿ ಎಲ್ಲ ಹೆಡಗೆ ಕೊಟ್ಟಿಗೆಗೆ ಬಂದ ಹಾಗೆ. ಈಗ ಆನ್ ಮಾಡಿದ ಕೂಡಲೆ ಸ್ಕ್ರೀನ್ ಬರ್ಬೇಕು ಅಂತ ಬಹಳ ಕಾರುಗಳಲ್ಲಿ ಅದನ್ನು ಬಂದ್ ಮಾಡುದಿಲ್ಲ, ನಿದ್ದೆಗೆ ಹಾಕುದು. ಮೆಮೊರಿಯಲ್ಲಿದ್ದದ್ದು ಹಾಗೇ ಇರ್ತದೆ, ಸೋಮವಾರ ಬಿಟ್ಟ ಹೆಡಗೆ ಶನಿವಾರವೂ ತೋಟದಲ್ಲೇ. ಭಾವ ಎಂಜಿನ್ ಆಫ್ ಮಾಡಿ ಆನ್ ಮಾಡಿದ್ರೂ ಸ್ಕ್ರೀನ್ ಸರಿ ಆಗದ್ದು ಇದಕ್ಕೇ.

ಎಂಜಿನ್, ಬ್ರೇಕ್, ಏರ್‌ಬ್ಯಾಗಿನ ಕಂಪ್ಯೂಟರಲ್ಲಿ ಈ ಕಷ್ಟ ಬರದ ಹಾಗೆ ಕಟ್ಟು ಉಂಟು. ಕಾರಿನ ಕೋಡ್ ಬರೆಯುವವರಿಗೆ 1998ರಿಂದ ಮಿಸ್ರಾ ಅಂತ ನಿಯಮಾವಳಿ ಇದೆ, ಅದರಲ್ಲಿ ಪ್ರೋಗ್ರಾಂ ಓಡ್ತಾ ಇರುವಾಗ ಹೊಸದಾಗಿ ಮೆಮೊರಿ ಕೇಳುದನ್ನೇ ಬೇಡ ಅಂತಾರೆ. ಬೆಳಿಗ್ಗೆಯೇ ಒಬ್ಬೊಬ್ಬನಿಗೆ ಇಂತಿಷ್ಟೇ ಹೆಡಗೆ ಅಂತ ನಂಬರ್ ಹಾಕಿ ಕೊಡುದು. ಜೊತೆಗೆ ವಾಚ್‌ಡಾಗ್ ಅಂತ ಒಂದು ಟೈಮರ್, ಇಷ್ಟು ಹೊತ್ತಿಗೊಮ್ಮೆ ಪ್ರೋಗ್ರಾಂ ಅದನ್ನು ಮುಟ್ಟಿ ಬದುಕಿದ್ದೇನೆ ಅಂತ ಹೇಳ್ಬೇಕು, ಹೇಳದಿದ್ರೆ ತಾನೇ ರೀಸ್ಟಾರ್ಟ್ ಮಾಡಿಬಿಡ್ತದೆ. ಬಂದ್ಯೋಡಿನ ಆ ಮಳೆಯಲ್ಲಿ ಕಾರು ಜಾರದೆ ನೆಟ್ಟಗೆ ನಿಂತಿತು ಅಂತ ಭಾವ ಬರೆದಿದ್ದಾರಲ್ಲ, ದೇವರ ದಯೆ ಜೊತೆಗೆ ಎಬಿಎಸ್ಸೂ ಇತ್ತು. ಚಕ್ರ ಲಾಕ್ ಆಗ್ತದಾ ಅಂತ ಪುನಃ ಪುನಃ ನೋಡಿ ಬ್ರೇಕ್ ಬಿಟ್ಟು ಹಿಡಿದು ಮಾಡುದು ಸಾಫ್ಟ್‌ವೇರೇ. 2019ರ ಏಪ್ರಿಲಿಂದ ನಮ್ಮ ದೇಶದಲ್ಲಿ ಹೊಸ ಕಾರಿಗೆ ಅದು ಕಡ್ಡಾಯ. ಕಡಿಮೆ ಮಾಡಿ ಅಂತ ಒಟ್ಟಾರೆ ಹೇಳಿದ್ರೆ ಮೊದಲು ಯಾವುದಕ್ಕೆ ಕತ್ತರಿ ಬೀಳ್ತದೆ ಅಂತ ನನಗೆ ಹೆದರಿಕೆ ಉಂಟು, ಯಾಕಂದ್ರೆ ಥೀಮ್ ಮಾರಾಟ ಆಗ್ತದೆ, ಟೆಸ್ಟಿಂಗ್ ಮಾರಾಟ ಆಗುದಿಲ್ಲ.

ಟೆಸ್ಲಾದ್ದು ಕೂಡ ಗಾತ್ರದ ತಪ್ಪಲ್ಲ. ಸಣ್ಣ ಪ್ರೋಗ್ರಾಂ ಆದ್ರೂ ದಿನವಿಡೀ ಲಾಗ್, ಅಂದ್ರೆ ಒಳಗೆ ನಡೆದದ್ದರ ದಾಖಲೆ, ಬರೀತಾ ಕೂತ್ರೆ ಆ ಚಿಪ್ ಸವೀತಿತ್ತು. ಕೊನೆಗೆ ಅವರು ಹಾಕಿ ಕೊಟ್ಟದ್ದು 64 ಜಿಬಿಯದ್ದು, ಅಂದ್ರೆ ಜಾಗ ಹೆಚ್ಚು ಮಾಡಿಯೇ ಸರಿ ಮಾಡಿದ್ದು. 2022ರ ಜನವರಿಯಲ್ಲಿ ಸಿಯಾಟಲ್ ಊರಲ್ಲಿ 2014ರಿಂದ 2017ರ ಮಾಡೆಲಿನ ಮಾಜ್ದಾ ಕಾರುಗಳ ರೇಡಿಯೊ 94.9 ಸ್ಟೇಷನಿಗೇ ಅಂಟಿಕೊಂಡು ಸ್ಕ್ರೀನ್ ಪುನಃ ಪುನಃ ರೀಬೂಟ್ ಆಯ್ತು. ಕಾರಣ ಎಂತ? ಸ್ಟೇಷನ್‌ನವರು ಸ್ಕ್ರೀನಲ್ಲಿ ತೋರಿಸ್ಲಿಕ್ಕೆ ಕಳಿಸಿದ ಚಿತ್ರದ ಫೈಲಿನ ಹೆಸರಿಗೆ ಕೊನೆಯ ಎಕ್ಸ್‌ಟೆನ್ಷನ್ (.jpg ಹಾಗಿನದ್ದು) ಇರ್ಲಿಲ್ಲ. ಹೊರಗಿಂದ ಬಂದದ್ದನ್ನು ಪರೀಕ್ಷೆ ಮಾಡದೆ ನಂಬಿದ್ದು, ಅಷ್ಟೇ. ಜೀಪಿನ ಕಥೆಯೂ ಅದೇ ಜಾತಿ, ಬಾಗಿಲು ಇದ್ದದ್ದಕ್ಕಿಂತ ಬೀಗ ಹಾಕದ್ದು ತಪ್ಪು.

ರೀಸ್ಟಾರ್ಟ್ ಮಾಡ್ಲಿಕ್ಕೆ ಹೇಳಿದ್ರೆ ಜನರಿಗೆ ಕೋಪ ಬರ್ತದೆ. 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಬೋಯಿಂಗ್ 787 ವಿಮಾನಕ್ಕೆ ಅದನ್ನೇ ಆರ್ಡರ್ ಮಾಡಿತ್ತು. ಕರೆಂಟ್ ಆಫ್ ಮಾಡದೆ 248 ದಿನ ಬಿಟ್ರೆ ಒಳಗಿನ ಒಂದು ಎಣಿಕೆ ತುಂಬಿ ಉಕ್ಕಿ ಜನರೇಟರ್‌ಗಳೆಲ್ಲ ಒಟ್ಟಿಗೆ ನಿಲ್ಲಬಹುದು, ಆಗಾಗ ಆಫ್ ಮಾಡಿ ಅಂತ. ತಪ್ಪು ಸರಿ ಆಗುವವರೆಗೆ ಅದೊಂದು ಒಪ್ಪಿಕೊಂಡ ಉಪಾಯ. ಕಾರಲ್ಲಿ ನನ್ನ ತಕರಾರು ಇದು: ಆ ಉಪಾಯವನ್ನು ಗಿರಾಕಿಗೆ ಯಾರೂ ಹೇಳಿರ್ಲಿಲ್ಲ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದ್ರೆ ಸ್ಕ್ರೀನ್ ರೀಬೂಟ್ ಆಗ್ತದೆ ಅಂತ ಕಾರು ಕೊಡುವ ದಿನವೇ ಭಾವನಿಗೆ ತೋರಿಸಿದ್ರೆ ಅವರು ಉಪ್ಪಳದವರೆಗೆ ಹಾಗೆ ಹೋಗ್ಬೇಕಿತ್ತಾ? ನಿದ್ದೆಗೆ ಹಾಕಿ ಎಬ್ಬಿಸಿ ತಿಂಗಳುಗಟ್ಟಲೆ ಓಡಿಸಿ ನೋಡುವ ಟೆಸ್ಟ್ ಮಾಡಿದ್ರೆ ಇಂಥ ಲೀಕ್ ಫ್ಯಾಕ್ಟರಿಯಲ್ಲೇ ಸಿಕ್ಕಿಬೀಳ್ತದೆ.

ಊರಿಗೆ ಬಂದಾಗ ನಾನೇ ಕಾರು ನೋಡಿದೆ. ಒಂದೊಂದೇ ಬಿಟ್ಟು ಬಿಟ್ಟು ಪರೀಕ್ಷೆ ಮಾಡಿದೆ. ಥೀಮ್ ಬದಲಿಸಿದೆ, ಅಸಿಸ್ಟೆಂಟ್ ಆಫ್ ಮಾಡಿದೆ, ಆದ್ರೂ ಐದಾರು ದಿನಕ್ಕೆ ಹ್ಯಾಂಗ್. ಪೆನ್‌ಡ್ರೈವ್ ತೆಗೆದೆ, ಹ್ಯಾಂಗ್ ನಿಂತಿತು! ಅದರಲ್ಲಿ ಮೂರು ಸಾವಿರ ಫೈಲ್ ತಾಳಮದ್ದಳೆ, ಒಂದೊಂದಕ್ಕೂ ಒಂದು ದೊಡ್ಡ ಚಿತ್ರ. ಕಾರು ಎದ್ದಾಗಲೆಲ್ಲ ಮ್ಯೂಸಿಕ್ ಪ್ರೋಗ್ರಾಂ ಅಷ್ಟನ್ನೂ ಓದುದು, ವಾಪಸ್ ಬಿಡುದಿಲ್ಲ ಅಂತ ಕಾಣ್ತದೆ. ಅಂದ್ರೆ ಭಾವನಿಗೆ ಬೇಕಾದ ಮೂರರಲ್ಲೇ ಒಂದು. ಉಳಿದದ್ದೆಲ್ಲ ಡಿಲೀಟ್ ಮಾಡಿದ್ರೂ ಆ ರಾತ್ರಿ ಸ್ಕ್ರೀನ್ ನಿಲ್ತಾನೇ ಇತ್ತು, ಸ್ವಲ್ಪ ತಡವಾಗಿ.

ಗಾಜಿಗೆ ಗಾಳಿ ಬಿಡುವ ಬಟನ್ ಕೈಗೆ ಸಿಗ್ಬೇಕು ಅನ್ನುದರಲ್ಲಿ ಭಾವನ ಹತ್ರ ನನಗೆ ಜಗಳ ಇಲ್ಲ. ಲೀಕಿನ ವಿಷಯ ಕಂಪನಿಗೆ ಪೂರ್ತಿ ಬರೆದು ಕಳಿಸಿದ್ದೇನೆ, ಉತ್ತರ ಇನ್ನೂ ಇಲ್ಲ. ಅಲ್ಲಿವರೆಗೆ ಅಂತ ಪೆನ್‌ಡ್ರೈವಿನ ಚಿತ್ರಗಳನ್ನೆಲ್ಲ ತೆಗೆದು ಅತ್ತೆಗೆ ವಾಪಸ್ ಕೊಟ್ಟಿದ್ದೇನೆ. ಇವತ್ತಿಗೆ ಹದಿನಾರು ದಿನ, ಸ್ಕ್ರೀನ್ ನಿಂತಿಲ್ಲ.